ಸತ್ತ ಕಣ್ಣು, ಇಲ್ಲದ ಕೈ

ನನ್ನ ಕೌದಿಯ ಕಣ್ಣು ಸತ್ತಿವೆ ಎಂದು ಪಟ್ಟದಕಲ್ಲಿನ ಒಬ್ಬ ಹೆಂಗಸು ಎಲ್ಲರಿಗೂ ಕೇಳುವಂತೆ ಹೇಳಿದಳು. ಎದುರಿಗೆ ನಿಂತು ಹೇಳಿದ್ದರೆ ಅಲ್ಲೇ ಮುಗಿಸುತ್ತಿದ್ದೆ. ಆಕೆ ಹೇಳಿದ್ದು ಮೊಬೈಲಿನ ಗುಂಪಿನಲ್ಲಿ, ದನಿ ಕಳಿಸಿ. ಇಳಕಲ್ಲಿನ ನನ್ನ ಅಡುಗೆಮನೆಯಲ್ಲಿ ಕೂತು ನಾನು ಕೇಳಿದೆ. ಬಾಗಲಕೋಟೆಯವರು ಕೇಳಿದರು, ಬಾದಾಮಿ, ಹುನಗುಂದದವರೂ ಕೇಳಿದರು. ಕೇಳಿದವರಲ್ಲಿ ಅರ್ಧ ಮಂದಿ ನಗುವ ಮುಖದ ಗೊಂಬೆ ಒತ್ತಿದರು. ಯಾರ್ಯಾರು ಒತ್ತಿದರು ಎಂಬುದು ನನಗೆ ಇವತ್ತಿಗೂ ನೆನಪಿದೆ.

ಆ ಗುಂಪು ಒಂದು ಧಾರಾವಾಹಿ ನೋಡುವವರದು. ದಿನಾ ಸಂಜೆ ಬರುತ್ತದೆ. ಅದರಲ್ಲಿ ಸೊಸೆ ಅಳುತ್ತಾಳೆ, ಅತ್ತೆ ಅಳಿಸುತ್ತಾಳೆ. ನನಗೆ ಸೊಸೆ ಬೇಡ, ಅತ್ತೆ ಬೇಕು. ಆಕೆ ತನಗೆ ಬೇಕಾದ್ದನ್ನು ಬಾಯಿಬಿಟ್ಟು ಕೇಳುತ್ತಾಳೆ. ಉಂಗುರದ ಬೆರಳೆತ್ತಿ ತೋರಿಸಿದರೆ ಮನೆಮಂದಿಯೆಲ್ಲ ನಡುಗುತ್ತಾರೆ. ಯಾರು ಏನು ಮಾಡಿದರೋ ಅದನ್ನು ಅವರಿಗೆ ತಿರುಗಿ ಕೊಡುವ ತನಕ ಆಕೆಗೆ ಅನ್ನ ಸೇರುವುದಿಲ್ಲ. ಅಂಥ ಹೆಂಗಸರು ಟಿವಿಯಲ್ಲಾದರೂ ಇರಲಿ.

ಗುಂಪು ಕಟ್ಟಿದವಳು ಬಾಗಲಕೋಟೆಯ ನವನಗರದಲ್ಲಿ ಜಂಪರು ಹೊಲಿಯುವ ಒಬ್ಬಳು. ನಾವೆಲ್ಲ ಆಕೆಯನ್ನು ಟೇಲರಕ್ಕ ಎನ್ನುತ್ತೇವೆ. ಧಾರಾವಾಹಿಯ ಮಂದಿಯ ಚಿತ್ರ ಮಾಡುವವರು ಮಾತ್ರ ಗುಂಪಿನಲ್ಲಿರಬೇಕು. ಒಬ್ಬಳು ರಂಗೋಲಿಯಲ್ಲಿ ಮಾಡುತ್ತಾಳೆ, ಒಬ್ಬಳು ಗಾಜಿನ ಮೇಲೆ. ನಾನು ಕೌದಿಯಲ್ಲಿ ಮಾಡುತ್ತೇನೆ. ಯಾರಿಗೂ ಇದರಿಂದ ಹೊಟ್ಟೆ ತುಂಬುವುದಿಲ್ಲ, ಹುಚ್ಚಿಗೆ ಮಾಡುವುದು. ಭಾನುವಾರ ಧಾರಾವಾಹಿ ಇರುವುದಿಲ್ಲ. ಆವತ್ತು ಒಬ್ಬಳ ಚಿತ್ರ ಎಲ್ಲರ ಮುಂದೆ ಬರುತ್ತದೆ. ಉಳಿದವರು ಅದರಲ್ಲಿ ಒಂದು ಚಲೋ, ಒಂದು ಕೊರತೆ ಹೇಳಬೇಕು. ಬರೀ ಕೈಮುಗಿಯುವ ಗೊಂಬೆ ಒತ್ತಿ ಸುಮ್ಮನಾದರೆ ಟೇಲರಕ್ಕ ಬಿಡುವುದಿಲ್ಲ.

"ಇದೇನು ಮದವಿ ಮನಿ ಅಲ್ರವಾ, ಬಂದಾಕಿಗೆಲ್ಲಾ ಭೇಷ್ ಅನ್ನಾಕ," ಎನ್ನುತ್ತಾಳೆ.

ಈ ಕಟ್ಟಳೆ ನನಗೆಂದೇ ಹೇಳಿ ಮಾಡಿಸಿದ ಹಾಗಿತ್ತು. ನಾನು ಮೂರನೇ ಇಯತ್ತೆಗೆ ಸಾಲಿ ಬಿಟ್ಟವಳು, ಮೊಬೈಲಿನಲ್ಲಿ ಅಕ್ಷರ ಒತ್ತಲು ಹೋದರೆ ಸಂಜೆಯಾಗುತ್ತದೆ. ಅದಕ್ಕೇ ದನಿ ಕಳಿಸುತ್ತೇನೆ. ಹುನಗುಂದದ ಒಬ್ಬ ಹುಡುಗಿ, ಝೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುವವಳು, ಕಾಳು ಹಸನು ಮಾಡುವ ಮೊರದ ಮೇಲೆ ಅತ್ತೆಯ ಮುಖ ಬರೆದಿದ್ದಳು. ನಾನು ಕಟ್ಟಳೆಯ ಪ್ರಕಾರವೇ ಹೇಳಿದೆ.

"ಚಲೋ ಅಂದ್ರ ಬಣ್ಣ. ಕೊರತಿ ಅಂದ್ರ ಕುತ್ತಿಗಿ. ಕುಂಬಳಕಾಯಿ ದೇಟ ಆಗೇತಿ. ಇಷ್ಟುದ್ದ ಕುತ್ತಿಗಿ ಇಟಗೊಂಡು ಆಕಿ ನಮ್ಮ ಬಾಗಲಾ ಹೆಂಗ ಹಾಯಬೇಕು?"

ಹುಡುಗಿ ಆಮೇಲೆ ಬಹಳ ದಿನ ಗುಂಪಿನಲ್ಲಿ ತುಟಿ ಬಿಚ್ಚಲಿಲ್ಲ. ನನ್ನ ಸೊಸೆ, "ಅತ್ತಿ, ಸ್ವಲ್ಪ ಮೆತ್ತಗ ಹೇಳಬೇಕಿತ್ತು," ಎಂದಳು.

"ಮೆತ್ತಗ ಹೇಳಿದ್ರ ಕುತ್ತಿಗಿ ಗಿಡ್ಡ ಆಗತಿತ್ತೇನು?" ಎಂದೆ. ಈಗಲೂ ಅದನ್ನೇ ಹೇಳುತ್ತೇನೆ.

ಆಮೇಲೆ ನನ್ನ ಭಾನುವಾರ ಬಂತು. ಹಳೆಯ ಸೀರೆಗಳನ್ನು ಪದರಿನ ಮೇಲೆ ಪದರು ಹಾಸಿ, ಮೇಲೆ ತುಂಡು ಜೋಡಿಸಿ, ಅಂಚಿನಿಂದ ನಡುವಿನ ತನಕ ಸಾಲು ಸಾಲಾಗಿ ಹೊಲಿದರೆ ಕೌದಿ. ಹೊದ್ದುಕೊಳ್ಳುವ ಕೌದಿಯನ್ನು ಯಾರಾದರೂ ಹೊಲಿಯುತ್ತಾರೆ. ನಾನು ಅದರ ನಡುವೆ ಅತ್ತೆಯನ್ನು ಕೂರಿಸಿದ್ದೆ. ಕೂದಲಿಗೆ ನನ್ನ ಕರಿ ಚಂದ್ರಕಾಳಿ ಸೀರೆ, ಮೈಗೆ ಚಹಾದ ನೀರಿನಲ್ಲಿ ಅದ್ದಿದ ಹಳೆಯ ಧೋತರ, ಉಟ್ಟದ್ದಕ್ಕೆ ಕೆಂಪು ಸೆರಗಿನ ತುಂಡು. ಎತ್ತಿದ ಕೈ, ಬೆರಳಿನಲ್ಲಿ ಉಂಗುರ. ಕಣ್ಣಿಗೆ ಹರಿದ ಕೊಡೆಯ ಬಟ್ಟೆ ಹಾಕಿದ್ದೆ. ಒಂದು ಬೇಸಿಗೆ ಪೂರ್ತಿ ಅದರ ಮೇಲೆ ಕೂತಿದ್ದೆ. ಸೊಸೆ ಫೋಟೋ ತೆಗೆದು ಗುಂಪಿಗೆ ಹಾಕಿದಳು.

ಪಟ್ಟದಕಲ್ಲಿನಾಕೆ ಗುಡಿ ನೋಡಲು ಬರುವವರಿಗೆ ನೀರಿನ ಬಾಟಲಿ, ಸೌತೆಕಾಯಿ, ಟೊಪ್ಪಿಗೆ ಮಾರುವವಳು. ಅಂಗಡಿಗೆ ಬರುವ ಬಿಸ್ಕಿಟಿನ ರಟ್ಟು ಬಿಚ್ಚಿ, ಒಳಮೈಯಲ್ಲಿ ಬಣ್ಣದ ಪೆನ್ಸಿಲಿನಿಂದ ಬರೆಯುತ್ತಾಳೆ. ಗುಂಪಿನಲ್ಲಿ ಎಲ್ಲರೂ ಆಕೆಯನ್ನು ಹೊಗಳುವವರೇ. ಆಕೆಯ ದನಿ ಬಂತು.

"ಚಲೋ ಅಂದ್ರ ಹೊಲಿಗಿರಿ ಅಕ್ಕಾರ. ಇರಿವಿ ಸಾಲು ಹಿಡದು ಹೊಂಟಂಗ ಐತಿ. ಕೊರತಿ ಅಂದ್ರ ಕಣ್ಣು. ಕಣ್ಣು ಸತ್ತಾವ್ರಿ. ಸಂತ್ಯಾಗ ಮಧ್ಯಾಹ್ನದ ಮಟಾ ಉಳಿದ ಮೀನಿನ ಕಣ್ಣು ಆಗ್ಯಾವ."

ಸೊಸೆ ಆ ದನಿಯನ್ನು ಮತ್ತೆ ಹಾಕಿದಳು. "ಬೆರಳ ತಪ್ಪಿ ಬಿತ್ತರಿ ಅತ್ತಿ," ಎಂದಳು. ರೊಟ್ಟಿ ಬಡಿಯುವಾಗ ಮತ್ತೊಮ್ಮೆ ತಪ್ಪಿ ಬಿತ್ತು. ಆ ವಾರವೆಲ್ಲ ನಾನು ಆಕೆ ಮಾಡಿದ ಪಲ್ಯಕ್ಕೆ ಉಪ್ಪು ಸಾಲದು ಎಂದೆ. ಉಪ್ಪು ಸರಿಯಾಗಿಯೇ ಇತ್ತು.

ಮೀನಿನ ಕಣ್ಣು. ನಾವು ಮೀನು ಮುಟ್ಟದವರು. ಸಂತೆಯಲ್ಲಿ ಆ ಸಾಲು ಬಂದರೆ ಮೂಗಿಗೆ ಸೆರಗು ಹಿಡಿದು ದಾಟುವವರು. ಅದು ಗೊತ್ತಿದ್ದೇ ಹೇಳಿದಳೋ, ಬಾಯಿಗೆ ಬಂದದ್ದನ್ನು ಹೇಳಿದಳೋ ತಿಳಿಯದು. ನಾನು ಗೊತ್ತಿದ್ದೇ ಹೇಳಿದಳು ಎಂದು ಇಟ್ಟುಕೊಂಡೆ. ಸಿಟ್ಟು ಉಳಿಯಲು ಅದೇ ಅನುಕೂಲ.

ಅಷ್ಟರಲ್ಲಿ ಟೇಲರಕ್ಕ ಒಂದು ಸುದ್ದಿ ತಂದಳು. ಧಾರಾವಾಹಿಯಲ್ಲಿ ಅತ್ತೆಯಾಗಿ ಮಾಡುವ ನಟಿ ಬಾಗಲಕೋಟೆಗೆ ಒಂದು ಸೀರೆ ಅಂಗಡಿ ಉದ್ಘಾಟನೆಗೆ ಬರುತ್ತಾಳೆ. ನಮ್ಮ ಗುಂಪಿನಿಂದ ಒಂದು ಚಿತ್ರವನ್ನು ಆಕೆಯ ಕೈಗೆ ಕೊಡಲು ಅಂಗಡಿಯವರು ಒಪ್ಪಿದ್ದಾರೆ. ಒಂದೇ ಒಂದು. ಯಾರದು ಎಂದು ಆರಿಸಲು ಒಂದು ಶನಿವಾರ ಎಲ್ಲರೂ ತುಳಸಿಗೇರಿಯಲ್ಲಿ ಸೇರಬೇಕು, ಚಿತ್ರ ಜೊತೆಗೆ ತರಬೇಕು. ಹನುಮಪ್ಪನ ದರ್ಶನವೂ ಆಗುತ್ತದೆ, ಹೆಣ್ಣುಮಕ್ಕಳಿಗೆ ಬಸ್ಸೂ ಪುಕ್ಕಟೆ.

ನನಗೆ ಎರಡು ಆಸೆ ಹುಟ್ಟಿದವು. ನನ್ನ ಕೌದಿ ಆ ನಟಿಯ ಕೈಗೆ ಹೋಗಬೇಕು. ಪಟ್ಟದಕಲ್ಲಿನಾಕೆಯ ರಟ್ಟು ಹೋಗಬಾರದು. ಇವೆರಡರಲ್ಲಿ ಯಾವುದು ಮುಂದೆ ಎಂದು ಯಾರಾದರೂ ಕೇಳಿದ್ದರೆ ಎರಡನೆಯದು ಎನ್ನುತ್ತಿದ್ದೆ.

ಮೊದಲು ಆಕೆಯ ಚಿತ್ರಗಳಿಗೆ ಕೈ ಹಾಕಿದೆ. ಸೊಸೆಗೆ ಹೇಳಿ ಹಳೆಯವನ್ನೆಲ್ಲ ತೆಗೆಸಿದೆ. ಕನ್ನಡಕ ಹಾಕಿ ಒಂದೊಂದನ್ನೂ ಬೆರಳಿನಿಂದ ಹಿಗ್ಗಿಸಿ ನೋಡಿದೆ. ಮುಖ ಚಲೋ ಇದ್ದವು, ಸುಳ್ಳು ಯಾಕೆ ಹೇಳಲಿ. ಕಣ್ಣು ಇನ್ನೂ ಚಲೋ ಇದ್ದವು. ಮೈ ಉರಿಯಿತು. ಕೊರತೆ ಸಿಗದೆ ದಿನ ಕಳೆದವು. ಒಂದು ಮಧ್ಯಾಹ್ನ, ಹೊರಸಿನ ಮೇಲೆ ಅಡ್ಡಾಗಿ ನೋಡುತ್ತಿದ್ದವಳು ಎದ್ದು ಕೂತೆ.

"ಇಲ್ಲಿ ಬಾ," ಎಂದು ಸೊಸೆಯನ್ನು ಕರೆದೆ. "ಈಕಿ ಕೈ ಎಲ್ಲಿ?"

"ಸೆರಗಿನಾಗ ಅದಾವಲ್ರಿ."

"ಈಕಿದು?"

"ಕೊಡದ ಹಿಂದ."

"ಇವಂದು?"

ಸೊಸೆ ಮೊಬೈಲು ಹತ್ತಿರ ಹಿಡಿದು ನೋಡಿದಳು. "ಅಂಗಿ ತೋಳು ಉದ್ದ ಐತ್ರಿ ಅತ್ತಿ. ಕೈ ಕಾಣವಲ್ದು."

ಒಬ್ಬರಿಗೂ ಕೈ ಇರಲಿಲ್ಲ. ಆವತ್ತು ಬಹಳ ದಿನದ ಮೇಲೆ ಪಲ್ಯಕ್ಕೆ ಉಪ್ಪು ಸರಿಯಾಗಿದೆ ಎಂದೆ.

ಆಮೇಲೆ ನನ್ನ ಕೌದಿ. ಕಣ್ಣಿನ ಹೊಲಿಗೆ ಬಿಚ್ಚಿದೆ. ಕೊಡೆಯ ಬಟ್ಟೆ ಕಿತ್ತು ಹಾಕಿ, ಮೊಮ್ಮಗಳ ಹಳೆಯ ಲಂಗದ ಹೊಳೆಯುವ ಕರಿ ಸಾಟಿನ್ ಕತ್ತರಿಸಿದೆ. ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಮನೆಯಲ್ಲಿ ಕೌದಿಯ ಕೊನೆಯ ಹೊಲಿಗೆ ಮುಚ್ಚುವ ಮೊದಲು ಒಳಗೆ ಒಂದು ಚೂರು ರೊಟ್ಟಿಯನ್ನೋ ಹೋಳಿಗೆಯನ್ನೋ ಇಡುತ್ತೇವೆ. ಕೌದಿ ಹಸಿದಿರಬಾರದು ಎಂದು ನನ್ನ ತಾಯಿ ಇಡುತ್ತಿದ್ದಳು, ನಾನೂ ಇಡುತ್ತೇನೆ. ಈ ಕೌದಿಗೆ ಮೊದಲೇ ಮೂಲೆಯಲ್ಲಿ ಒಣ ರೊಟ್ಟಿಯ ಚೂರು ಇಟ್ಟು ಮುಚ್ಚಿದ್ದೆ. ಈಗ ಮತ್ತೆ ಬಿಚ್ಚಿದ್ದರಿಂದ ಕೊನೆಯ ಹೊಲಿಗೆ ಕಣ್ಣಿನದಾಯಿತು. ಹಾಗಾಗಿ ಅಲ್ಲಿಯೂ ಉಣಿಸಬೇಕಾಯಿತು.

ಆವತ್ತು ಹುಣ್ಣಿಮೆ. ಮನೆಯಲ್ಲಿ ಹೋಳಿಗೆ ಮಾಡಿದ್ದರು. ಹೋಳಿಗೆಯ ಚೂರನ್ನು ಸಾಟಿನ್ ಕೆಳಗೆ ಇಟ್ಟು ನೋಡಿದೆ. ಕರಿಗುಡ್ಡೆ ಮೇಲೆ ಎದ್ದು ನಿಂತಿತು. ಕಣ್ಣು ತಿರುಗಿ ನೋಡಿದ ಹಾಗಾಯಿತು. ಇನ್ನೊಂದು ಕಣ್ಣಿಗೂ ಇಟ್ಟೆ. ಹೂರಣ ಸ್ವಲ್ಪ ಹೆಚ್ಚೇ ಇಟ್ಟೆ.

"ಅತ್ತಿ, ಹಸಿ ಹೋಳಿಗಿ ಅದು. ಇರಿವಿ ಹತ್ತತಾವ," ಎಂದಳು ಸೊಸೆ.

"ನಿನಗ ಕೌದಿ ಹೊಲಿಯಾಕ ಬರತೈತೇನು?"

"ಇಲ್ರಿ."

"ಮತ್ತ ಸುಮ್ನ ರೊಟ್ಟಿ ಬಡಿ."

ಶನಿವಾರ ಬೆಳಿಗ್ಗೆ ಕೌದಿಯನ್ನು ಟ್ರಂಕಿನಿಂದ ತೆಗೆದು, ಮಡಿಕೆ ಬಿಚ್ಚದೆ ಹಾಗೇ ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ. ಹುನಗುಂದದಲ್ಲಿ ಆ ಝೆರಾಕ್ಸ್ ಅಂಗಡಿಯ ಹುಡುಗಿ ಹತ್ತಿದಳು. ಪೇಪರಿನಲ್ಲಿ ಸುತ್ತಿದ ಮೊರ ಕೈಯಲ್ಲಿತ್ತು. ಬೇರೆ ಕಡೆ ಜಾಗವಿಲ್ಲದೆ ನನ್ನ ಪಕ್ಕದಲ್ಲೇ ಕೂತಳು. ಅಮೀನಗಡ ದಾಟುವ ತನಕ ಕಿಟಕಿ ನೋಡಿದಳು.

"ಕುತ್ತಿಗಿ ಹೆಂಗೈತಿ?" ಎಂದು ಕೇಳಿದೆ.

"ಅಲ್ಲೇ ನೋಡ್ರಿ," ಎಂದಳು. ಹಲ್ಲು ಕಚ್ಚಿಕೊಂಡೇ ಹೇಳಿದಳು.

ದಾರಿಯಲ್ಲಿ ನನ್ನ ಮೊಣಕೈಗೆ ಏನೋ ಕಚ್ಚಿತು. ನೋಡಿದರೆ ಕೆಂಪಿರುವೆ. ಬಸ್ಸಿನ ಸೀಟಿನದು ಎಂದು ತಿಳಿದು ಹಿಚುಕಿ ಒಗೆದೆ. ಮತ್ತೊಂದು ಬಂತು. ಅದನ್ನೂ ಒಗೆದೆ. ಬಸ್ಸು ತೊಳೆಯದ ಡ್ರೈವರನಿಗೆ ಮನಸ್ಸಿನಲ್ಲೇ ಬೈದೆ.

ತುಳಸಿಗೇರಿಯಲ್ಲಿ ದರ್ಶನ ಮುಗಿಸಿ, ಒಂದು ಗಿಡದ ನೆರಳಿನಲ್ಲಿ ಚಾಪೆ ಹಾಸಿ ಎಲ್ಲರೂ ಬುತ್ತಿ ಉಂಡೆವು. ಪಟ್ಟದಕಲ್ಲಿನಾಕೆಯನ್ನು ಅಲ್ಲಿಯೇ ಮೊದಲ ಸಲ ಕಣ್ಣಾರೆ ನೋಡಿದ್ದು. ಗಿಡ್ಡ ಹೆಂಗಸು. ಮೂಗುಬೊಟ್ಟು, ಬಿಸಿಲಿಗೆ ಕರಿದಾದ ಮುಖ, ಬಾಯ್ತುಂಬ ನಗು. ನನಗಿಂತ ನಾಲ್ಕಾರು ವರ್ಷ ಸಣ್ಣವಳಿರಬೇಕು. ನೇರವಾಗಿ ನನ್ನ ಕಡೆಯೇ ಬಂದಳು.

"ಆರಾಮ ಅದೀರೇನ್ರಿ ಅಕ್ಕಾರ?"

"ಕಣ್ಣೊಂದು ಬಿಟ್ಟು ಉಳಿದದ್ದೆಲ್ಲಾ ಆರಾಮ ಐತಿ," ಎಂದೆ.

ಆಕೆ ಮತ್ತೂ ನಕ್ಕಳು. ನನ್ನ ಬುತ್ತಿಗೆ ತನ್ನ ಗುರೆಳ್ಳು ಚಟ್ನಿ ಹಾಕಿದಳು. ಚಟ್ನಿ ಚಲೋ ಇತ್ತು. ಅದಕ್ಕೂ ಸಿಟ್ಟು ಬಂತು.

ಊಟವಾದ ಮೇಲೆ ಟೇಲರಕ್ಕ ಒಬ್ಬೊಬ್ಬರ ಚಿತ್ರ ಎತ್ತಿ ತೋರಿಸತೊಡಗಿದಳು. ರಂಗೋಲಿಯವಳ ಫೋಟೋ ಬಂತು, ಗಾಜಿನವಳ ಗಾಜು ಬಂತು; ಎರಡಕ್ಕೂ ಚಲೋಗಿಂತ ಕೊರತೆಯೇ ಹೆಚ್ಚು ಬಿದ್ದವು. ಆಮೇಲೆ ಪಟ್ಟದಕಲ್ಲಿನ ರಟ್ಟು. ಗುಡಿಯ ಕಂಬಕ್ಕೆ ಆತು ನಿಂತ ಅತ್ತೆ. ನೋಡಿದವರೆಲ್ಲ ಅಬ್ಬಾ ಎಂದರು. ಕಣ್ಣು ನನ್ನನ್ನೇ ನೋಡುತ್ತಿದ್ದವು, ಎಲ್ಲಿ ಸರಿದು ಕೂತರೂ ನೋಡುತ್ತಿದ್ದವು. ಆದರೆ ಎರಡೂ ಕೈ ಕಂಬದ ಹಿಂದೆ.

ನಾನು ಎಲ್ಲರ ಮಾತೂ ಮುಗಿಯಲಿ ಎಂದು ಕಾದೆ. ಹೊಗಳಿಕೆ ಮೇಲಕ್ಕೆ ಹೋದಷ್ಟೂ ಚಲೋ, ಬೀಳಲು ಎತ್ತರ ಸಿಗುತ್ತದೆ. ಕೊನೆಗೆ ಟೇಲರಕ್ಕ ನನ್ನ ಕಡೆ ನೋಡಿದಳು.

"ಚಲೋ ಅಂದ್ರ," ಎಂದೆ, "ಕಂಬ."

ಯಾರೋ ಕಿಸಕ್ಕನೆ ನಕ್ಕರು.

"ಕೊರತಿ ಅಂದ್ರ ಕೈ. ಈಕಿ ಬೆರಳ ಎತ್ತಿದ್ರ ಮನಿಮಂದಿ ನಡಗತಾರ. ಇಲ್ಲಿ ಬೆರಳ ಎಲ್ಲಿ ಐತಿ? ಹಿಂದಿನ ಚಿತ್ರದಾಗ ಸೆರಗಿನಾಗಿತ್ತು. ಅದರ ಹಿಂದಿನದರಾಗ ಕೊಡದ ಹಿಂದ ಇತ್ತು. ಮಗ ಅನ್ನಾಂವಗೂ ಕೈ ಇಲ್ಲ, ಸೊಸಿಗೂ ಇಲ್ಲ. ನಿಮ್ಮ ರಟ್ಟಿನಾಗ ಹೊಕ್ಕವರು ಯಾರೂ ಕೈ ಇಟಗೊಂಡು ಹೊರಗ ಬರೂದಿಲ್ಲೇನ್ರಿ?"

ಎಲ್ಲರೂ ಮೊಬೈಲು ತೆಗೆದು ಹಳೆಯ ಚಿತ್ರ ನೋಡತೊಡಗಿದರು. ಒಬ್ಬಳು, "ಹೌದಲ್ಲ ಯವ್ವಾ," ಎಂದಳು. ಆ ಮಾತು ನನ್ನ ಹೊಟ್ಟೆಗೆ ತಣ್ಣಗೆ ಇಳಿಯಿತು.

ಪಟ್ಟದಕಲ್ಲಿನಾಕೆ ತನ್ನ ರಟ್ಟು ನೋಡಿದಳು, ತನ್ನ ಕೈ ನೋಡಿಕೊಂಡಳು. "ಖರೇನ ಐತ್ರಿ," ಎಂದಳು. "ಕೈ ಬರೂದಿಲ್ಲ ನನಗ. ಬೆರಳ ತಗಿಯಾಕ ಹೋದ್ರ ಬದನಿಕಾಯಿ ಜೋತು ಬಿದ್ದಂಗ ಆಗತಾವ. ಅದಕ್ಕ ಮುಚ್ಚಿ ಬಿಡತೇನಿ. ಇಷ್ಟು ದಿನಾ ಯಾರಿಗೂ ಗೊತ್ತಾಗಿದ್ದಿಲ್ಲ."

ಎಲ್ಲರೂ ನಕ್ಕರು, ಆಕೆಯ ಜೊತೆಗೂಡಿ ನಕ್ಕರು. ಇದು ನಾನು ಎಣಿಸಿದ್ದಲ್ಲ. ಸೋತವಳು ಮುಖ ಸಣ್ಣದು ಮಾಡಿಕೊಳ್ಳಬೇಕು. ಈಕೆ ಸೋತು ಎಲ್ಲರಿಗೂ ಬೇಕಾದವಳಾಗುತ್ತಿದ್ದಳು. ನಾನು ತಡಮಾಡದೆ ಚೀಲಕ್ಕೆ ಕೈ ಹಾಕಿದೆ.

ಇಬ್ಬರು ಎರಡು ಕಡೆ ಹಿಡಿದು ಕೌದಿ ಬಿಚ್ಚಿದರು. ನಾನು ಅವರ ಹಿಂದೆ ನಿಂತಿದ್ದೆ, ಎದುರಿನವರ ಮುಖ ಮಾತ್ರ ನನಗೆ ಕಾಣುತ್ತಿತ್ತು. ಕೆಲವರು ಬಾಯಿ ತೆರೆದರು. ಇಂಥದ್ದಕ್ಕಾಗಿಯೇ ನಾನು ಬೇಸಿಗೆ ಪೂರ್ತಿ ಕೂತು ಹೊಲಿದದ್ದು.

ಪಟ್ಟದಕಲ್ಲಿನಾಕೆ ಮುಂದೆ ಬಾಗಿದಳು. "ಅಕ್ಕಾರ, ಕಣ್ಣು ಅಲಗಾಡತಾವ," ಎಂದಳು.

"ಈಗ ಜೀವ ಐತೇನು?" ಎಂದೆ.

"ಭಾಳ ಐತ್ರಿ."

ನಾನು ಸೆರಗು ಸರಿಮಾಡಿಕೊಂಡೆ. ಆಕೆ ಇನ್ನೂ ಹತ್ತಿರ ಬಂದು, ಇದೇನು ಕೆಲಸ ಎಂದು ನೋಡಲು, ಬಲಗೈಯ ತೋರುಬೆರಳನ್ನು ಕರಿಗುಡ್ಡೆಗೆ ಒತ್ತಿದಳು. ಮರುಗಳಿಗೆ "ಅಯ್ಯಯ್ಯ ಯವ್ವಾ" ಎಂದು ಕೈ ಝಾಡಿಸಿದಳು. ಕೌದಿ ಹಿಡಿದವರೂ ಕಿರುಚಿ ಕೈಬಿಟ್ಟರು. ಅತ್ತೆ ಚಾಪೆಯ ಮೇಲೆ ಅಂಗಾತ ಬಿದ್ದಳು.

ಆಗ ನನಗೆ ಕಂಡಿತು. ಕೆಂಪಿರುವೆಗಳು ನನ್ನ ಹೊಲಿಗೆಯ ಸಾಲು ಹಿಡಿದು, ಒಂದು ಎಳೆಯೂ ತಪ್ಪದೆ, ಅಂಚಿನಿಂದ ಕೆನ್ನೆಗೆ, ಕೆನ್ನೆಯಿಂದ ಕಣ್ಣಿಗೆ ಹೋಗುತ್ತಿದ್ದವು. ಸಾಟಿನ್ ಅಂಚಿನಲ್ಲಿ ತೂತು ಬಿದ್ದಿತ್ತು. ಒಂದು ಕಡೆ ಹೊಕ್ಕು ಇನ್ನೊಂದು ಕಡೆ ಹೂರಣ ಹೊತ್ತು ಹೊರಬರುತ್ತಿದ್ದವು. ಕಣ್ಣು ತುಂಬ ಅವೇ. ಕಣ್ಣು ನಿಜವಾಗಿಯೂ ಅಲುಗುತ್ತಿತ್ತು.

"ಕಣ್ಣಾಗ ಏನ ಇಟ್ಟೀರಿ?" ಎಂದಳು ಟೇಲರಕ್ಕ.

"ಹೋಳಿಗಿ."

ಕೌದಿ ಹೊಲಿಯುವ ಮನೆಯವರಿಗೆ ಕೂಡಲೇ ತಿಳಿಯಿತು. ಹೊಟ್ಟೆ ಹಿಡಿದು ನಕ್ಕರು. ತಿಳಿಯದವರು ತಿಳಿದವರನ್ನು ಕೇಳಿ ಆಮೇಲೆ ನಕ್ಕರು. ಹೀಗೆ ಎರಡು ಸಲ ನಗಿಸಿಕೊಂಡೆ. ಆದರೆ ಪಟ್ಟದಕಲ್ಲಿನಾಕೆಯ ಬೆರಳು ನೋಡನೋಡುತ್ತಲೇ ಕೆಂಪಗೆ ಊದುತ್ತಿತ್ತು. ಪೆನ್ಸಿಲು ಹಿಡಿಯುವ ಬೆರಳು. ಅದನ್ನು ನೋಡಿ ನನಗಾದ ಸಂತೋಷವನ್ನು ಮುಚ್ಚಿಡುವುದಿಲ್ಲ. ನಾನು ಬಾಯಿಂದ ಮಾಡಲಾಗದ್ದನ್ನು ನನ್ನ ಕೌದಿಯ ಅತ್ತೆ ಕಣ್ಣಿಂದ ಮಾಡಿದಳು.

"ಇರಿವಿ ತುಂಬಿದ ಕೌದಿ ಆ ಅಮ್ಮಾರ ಕೈಯಾಗ ಹೆಂಗ ಕೊಡೂದ್ರಿ?" ಎಂದಳು ಟೇಲರಕ್ಕ. "ಹಂಗಂತ ಕೈ ಇಲ್ಲದ್ದನ್ನೂ ಕೊಡಾಕ ಆಗೂದಿಲ್ಲ. ಎಲ್ಲಾರೂ ಅದನ್ನ ನೋಡತಾರ ಈಗ."

ಉಳಿದದ್ದು ಹುನಗುಂದದ ಮೊರ. ಹುಡುಗಿ ಪೇಪರು ಬಿಚ್ಚಿದಳು. ಅತ್ತೆಯ ಕುತ್ತಿಗೆ ಈಗ ಇರಬೇಕಾದಷ್ಟೇ ಇತ್ತು, ಭುಜದ ಮೇಲೆ ಗಟ್ಟಿಯಾಗಿ ಕೂತಿತ್ತು. ಬೆರಳೂ ಇತ್ತು, ಉಂಗುರವೂ ಇತ್ತು. ಯಾರಿಗೂ ಹೇಳಲು ಕೊರತೆ ಸಿಗಲಿಲ್ಲ. ಟೇಲರಕ್ಕ ನನ್ನನ್ನು ಕೇಳಿದಳು.

"ಚಲೋ ಅಂದ್ರ ಕುತ್ತಿಗಿ," ಎಂದೆ. "ಕೊರತಿ ಅಂದ್ರ, ನಾ ಹೇಳೂ ಮಟಾ ಈಕಿಗೆ ತಿಳೀಲಿಲ್ಲ."

ಹುಡುಗಿ ನನ್ನ ಕಡೆ ತಿರುಗಿದಳು. "ತಿಳಕೊಂಡು ತಗದಿಲ್ರಿ ಅಜ್ಜಿ. ನಿಮ್ಮ ಮ್ಯಾಲಿನ ಸಿಟ್ಟಿಗೆ ತಗದೇನಿ. ಒರಸಿ ಒರಸಿ ಮೊರದ ಸಗಣಿ ಸಾರಿಸಿದ್ದು ಎದ್ದು ಹೋತು. ನಿಮ್ಮ ಬಾಯಿ ಒಮ್ಮೆ ಮುಚ್ಚಸಬೇಕಾಗಿತ್ತು ನನಗ."

ಆವತ್ತಿನ ತನಕ ಆ ಹುಡುಗಿಯ ಮುಖವನ್ನು ನಾನು ಸರಿಯಾಗಿ ನೋಡಿರಲಿಲ್ಲ. ಆಗ ನೋಡಿದೆ. ಕೆಲಸ ಕಲಿಯುವ ಮುಖ ಹಾಗೇ ಇರುತ್ತದೆ. "ಮುಚ್ಚೇನಿ ನೋಡು," ಎಂದೆ. ಮನೆ ಮುಟ್ಟುವ ತನಕ ಮುಚ್ಚಿಕೊಂಡೇ ಇದ್ದೆ.

ಮೊರ ನಟಿಯ ಕೈಗೆ ಹೋಯಿತು. ಫೋಟೋ ಗುಂಪಿಗೆ ಬಂತು. ಹುಡುಗಿ, ನಟಿ, ನಡುವೆ ಮೊರ. ಕುತ್ತಿಗೆ ನನ್ನದು ಎಂದು ಸೊಸೆಗೆ ಹೇಳಿದೆ. ಸೊಸೆ, "ಹೌದ್ರಿ ಅತ್ತಿ, ಇರಿವಿನೂ ನಿಮ್ಮುವ," ಎಂದಳು. ಪಲ್ಯಕ್ಕೆ ಮತ್ತೆ ಉಪ್ಪು ಕಡಿಮೆಯಾಯಿತು.

ಕೌದಿಯನ್ನು ಬಿಸಿಲಿಗೆ ಹಾಕಿ, ಕಣ್ಣು ಬಿಚ್ಚಿ ಝಾಡಿಸಿ, ಸಾಟಿನ್ ತೂತಿಗೆ ತೇಪೆ ಹಾಕಿ ಹೊಲಿದೆ. ಈ ಸಲ ಒಣ ರೊಟ್ಟಿಯ ಪುಡಿ ಇಟ್ಟೆ. ಗುಡ್ಡೆ ಮತ್ತೆ ಚಪ್ಪಟೆಯಾಯಿತು. ಈಗ ನಾನೇ ಹೊದ್ದುಕೊಳ್ಳುತ್ತೇನೆ. ಬೆಳಿಗ್ಗೆ ಎದ್ದಾಗ ಆ ಕಣ್ಣು ಮೊದಲು ಕಾಣುತ್ತವೆ. ಸತ್ತೇ ಇವೆ. ಅದನ್ನು ಪಟ್ಟದಕಲ್ಲಿಗೆ ತಿಳಿಸುವ ಅಗತ್ಯವಿಲ್ಲ.

ಮೊನ್ನೆ ಅಲ್ಲಿಂದ ಒಂದು ಚಿತ್ರ ಬಂತು. ಗುಂಪಿಗಲ್ಲ, ನನಗೊಬ್ಬಳಿಗೇ. ಬಿಸ್ಕಿಟಿನ ರಟ್ಟಿನ ಮೇಲೆ ಒಂದು ಕೈ. ಬರೀ ಕೈ, ಮುಖವಿಲ್ಲ, ಕಂಬವಿಲ್ಲ. ತೋರುಬೆರಳು ಊದಿದೆ, ತುದಿಯಲ್ಲಿ ಇರುವೆ ಕಚ್ಚಿದ ಕೆಂಪು ಚುಕ್ಕೆಗಳಿವೆ. ಜೊತೆಗೆ ದನಿ.

"ನೀವು ಕಚ್ಚಿಸಿದ ಮ್ಯಾಲ ದಿನಾ ಈ ಬೆರಳನ್ನೇ ನೋಡಕೋತ ಕುಂತಿದ್ನಿರಿ ಅಕ್ಕಾರ. ಹಂಗ ತಗದು ನೋಡೇನಿ. ಕೊರತಿ ಏನೈತಿ ಹೇಳ್ರಿ."

ಹಿಗ್ಗಿಸಿ ನೋಡಿದೆ. ಊತ ಚಲೋ ಬಂದಿದೆ. ಉಗುರು ಚಲೋ ಬಂದಿವೆ. ಹೆಬ್ಬೆರಳು ಮಾತ್ರ ಮಣಿಕಟ್ಟಿನ ತೀರ ಹತ್ತಿರ ಹುಟ್ಟಿದೆ, ಒಂದು ಗೆಣ್ಣು ಮೇಲೆ ಬರಬೇಕಿತ್ತು. ಹೇಳಿದರೆ ಆಕೆ ತಿದ್ದಿಕೊಳ್ಳುತ್ತಾಳೆ. ತಿದ್ದಿಕೊಂಡರೆ ಆಕೆಯ ಚಿತ್ರದಲ್ಲಿ ಆಮೇಲೆ ಹೇಳಲು ಏನೂ ಉಳಿಯುವುದಿಲ್ಲ.

ಹೇಳುತ್ತೇನೆ. ಹೇಳದೆ ಇರಲು ನನ್ನಿಂದ ಆಗುವುದಿಲ್ಲ. ಆದರೆ ನಾನು ಕೇಳಿದ್ದೇನೆ ಎಂದು ತೋರಿಸುವ ಎರಡು ನೀಲಿ ಗೀಟು ಆಕೆಯ ಮೊಬೈಲಿನಲ್ಲಿ ಬಂದಿರುತ್ತವೆ. ಅವನ್ನು ನೋಡುತ್ತ ಅಂಗಡಿಯಲ್ಲಿ ಸೌತೆಕಾಯಿ ಹೆಚ್ಚುತ್ತಿರಲಿ. ಕೊರತೆ ಹೇಳುವ ಭಾನುವಾರ ಇನ್ನೂ ದೂರ ಇದೆ.